ತೆರಿಗೆಯೂ ನೆರೆಯವರ ಪ್ರೀತಿಯೂ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದಲ್ಲಿ ನಾವು ದಾನಿಗಳನ್ನು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅದು ಯುಕ್ತವೇ. ಆದರೆ ದಾನವು ಭಕ್ತಿ, ತೆರಿಗೆಯು ದಂಡ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಧರ್ಮಸಭೆಯ ಬೋಧನೆಗೆ ಒಪ್ಪುವಂಥದಲ್ಲ.

ಶುಭಸಂದೇಶವನ್ನು ನೋಡೋಣ. ಸಂತ ಮತ್ತಾಯರು ಸುಂಕದ ಕಟ್ಟೆಯಿಂದ ಎದ್ದು ಬಂದವರು. ಸ್ನಾನಿಕ ಯೊವಾನ್ನರು ತಮ್ಮಲ್ಲಿಗೆ ಬಂದ ಸುಂಕದವರಿಗೆ ಕೆಲಸ ಬಿಡಿರೆನ್ನಲಿಲ್ಲ; ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿರೆಂದರು. ಜಕ್ಕಾಯನಾದರೋ ಅರ್ಧ ಆಸ್ತಿಯನ್ನು ಬಡವರಿಗೆ ಕೊಡಲು ಮುಂದಾದುದಲ್ಲದೆ, ಮೋಸದಿಂದ ಪಡೆದುದನ್ನು ನಾಲ್ಕುಪಟ್ಟು ಹಿಂದಿರುಗಿಸಲೂ ಒಪ್ಪಿದನು. ದಾನವೊಂದರಿಂದಲೇ ಅನ್ಯಾಯದ ಲೆಕ್ಕ ತೀರದು.

1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಬೋಧಿಸಿದರು; ವಿಪರೀತ ತೆರಿಗೆಯಿಂದ ಪ್ರಜೆಯ ಸ್ವತ್ತನ್ನು ಹೀರಬಾರದೆಂದು ಸರಕಾರಗಳನ್ನೂ ಎಚ್ಚರಿಸಿದರು. 1961ರ 'ಮಾತೆರ್ ಎತ್ ಮಜಿಸ್ತ್ರಾ'ದಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು, ತೆರಿಗೆಯ ಭಾರ ಕೊಡುವವನ ಶಕ್ತಿಗೆ ತಕ್ಕಂತಿರಬೇಕೆಂದರು. ರೈತನ ಆದಾಯವು ನಿಧಾನವಾಗಿ, ಹೆಚ್ಚು ಅಪಾಯದೊಡನೆ ಬರುವುದೆಂಬುದನ್ನು ಮರೆಯಬಾರದೆಂದರು. ನ್ಯಾಯವಾದ ತೆರಿಗೆಯನ್ನು ವಂಚಿಸುವವರನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಖಂಡಿಸಿತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶವು ತೆರಿಗೆಗಳ್ಳತನವನ್ನೂ ಅನ್ಯಾಯದ ಕೂಲಿಯನ್ನೂ ಒಟ್ಟಿಗೆ ಏಳನೆಯ ಕಟ್ಟಳೆಯಡಿ, ಅಂದರೆ ಕಳವಿನ ಪಾಪದ ಸಾಲಿನಲ್ಲಿ, ಇರಿಸಿದೆ.

ಈ ಬೆಳಕಿನಲ್ಲಿ ನಮ್ಮ ನಡೆಯನ್ನು ಪರೀಕ್ಷಿಸಿಕೊಳ್ಳೋಣ. ಜಮೀನು ಮಾರುವಾಗ ಕ್ರಯಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ; ಅಂಗಡಿಯಲ್ಲಿ ರಸೀದಿಯಿಲ್ಲದ ವ್ಯಾಪಾರ. ಇವನ್ನು ಜಾಣತನವೆಂದು ಎಣಿಸಿ, ಉಳಿದ ಹಣದಲ್ಲೊಂದು ಪಾಲನ್ನು ಕಾಣಿಕೆಯ ಡಬ್ಬಿಗೆ ಹಾಕಿದರೆ ದೇವರು ಮೆಚ್ಚುವರೇ? ಆ ಹಣ ಸರಕಾರಿ ಆಸ್ಪತ್ರೆಯ ಬಡ ರೋಗಿಯದು, ಹಳ್ಳಿಯ ಶಾಲೆಯ ಮಗುವಿನದು.

ಸರಕಾರದ ಹಣ ಪೋಲಾಗುತ್ತದಲ್ಲ ಎಂದು ಕೆಲವರು ಕೇಳುವರು. ಪೋಲಾಗುವುದುಂಟು. ಅದಕ್ಕೆ ಮದ್ದು ಗ್ರಾಮಸಭೆಯಲ್ಲಿ ಲೆಕ್ಕ ಕೇಳುವುದು, ಲಂಚ ಕೊಡದಿರುವುದು, ವಿವೇಕದಿಂದ ಮತ ನೀಡುವುದು. ಪರರ ಕಳವು ನಮ್ಮ ಕಳವಿಗೆ ಅಪ್ಪಣೆಯಲ್ಲ.

ಪ್ರಾಮಾಣಿಕವಾಗಿ ಕೊಟ್ಟವರಿಗೆ ಪ್ರಶ್ನಿಸುವ ಹಕ್ಕೂ ಹೊಣೆಯೂ ಇವೆ. 2017ರ ಜುಲೈ 1ರಂದು ನಮ್ಮ ದೇಶದಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಒಂದು ಸಾಬೂನು ಕೊಂಡರೆ ಕೂಲಿಯವನೂ ಧನಿಕನೂ ತೆರುವುದು ಒಂದೇ ದರದ ತೆರಿಗೆ. ಆದರೆ ಅದರ ಭಾರ ಇಬ್ಬರಿಗೂ ಒಂದೇ ಅಲ್ಲ. ಯಾವ ದರ ಯುಕ್ತವೆಂಬುದನ್ನು ಬಲ್ಲವರು ಚರ್ಚಿಸಲಿ. ಧರ್ಮಸಭೆ ಅದರ ಪಟ್ಟಿಯನ್ನು ಕೊಡುವುದಿಲ್ಲ. ಈ ಭಾರ ಯಾರ ಹೆಗಲ ಮೇಲೆ ಬೀಳುತ್ತಿದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಬಿಡಲಾಗದು.

ನೂರೊಂದನೆಯ ವರ್ಷಕ್ಕೆ ಕಾಲಿಡುವ ನಾವು ಬಲಿಪೀಠಕ್ಕೆ ತರುವ ಕಾಣಿಕೆ ಶುದ್ಧವಾಗಿರಲಿ. ಕೂಲಿ, ತೆರಿಗೆ, ದಾನ ಈ ಮೂರರಲ್ಲಿಯೂ ನಮ್ಮ ಕೈ ಸತ್ಯವಾಗಿರುವಂತೆ ಪ್ರಭುವು ಅನುಗ್ರಹಿಸಲಿ.