ಪೊಟ್ಟಣವೂ ಅಡುಗೆಯ ಪದಾರ್ಥವೇ



2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಇಡ್ಲಿ ಪಾತ್ರೆಗಳ ಮುಚ್ಚಳ ತೆಗೆದು ನೋಡಿದರು. ಸುಮಾರು 250 ಕಡೆ ತಪಾಸಣೆ ನಡೆಯಿತು. ಅವುಗಳಲ್ಲಿ ಐವತ್ತರಷ್ಟು ಕಡೆ ತಟ್ಟೆಯ ಮೇಲೆ ಬಟ್ಟೆ ಇರಬೇಕಾದ ಜಾಗದಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆ ಇತ್ತು. ಅದನ್ನು ನಿಷೇಧಿಸುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಕೆಲವು ದಿನ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಅದೇ ಸುದ್ದಿ. ಆಮೇಲೆ ಎಲ್ಲರೂ ಮತ್ತೆ ಇಡ್ಲಿ ತಿನ್ನಲು ಹೋದೆವು.

ಆ ಹಾಳೆ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮಾತ್ರ ನಾವು ಸರಿಯಾಗಿ ವಿಚಾರಿಸಲಿಲ್ಲ. ಇಡ್ಲಿ ಬಟ್ಟೆಯನ್ನು ಪ್ರತಿ ಸುತ್ತಿಗೂ ಒಗೆಯಬೇಕು, ಹಿಂಡಬೇಕು, ಒಣಗಿಸಬೇಕು. ಇಲ್ಲದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುವ ದರ್ಶಿನಿಯಲ್ಲಿ ಆ ಕೆಲಸಕ್ಕೆ ಒಬ್ಬ ಆಳು ಬೇಕು. ಪ್ಲಾಸ್ಟಿಕ್ ಹಾಳೆಯಾದರೆ ಇಡ್ಲಿ ಅಂಟದೆ ಎದ್ದು ಬರುತ್ತದೆ, ಹಾಳೆಯನ್ನು ಎಸೆದರಾಯಿತು. ಮಾಲೀಕರು ಅಂಗಡಿಯವನನ್ನು ಕೇಳಿರುತ್ತಾರೆ. ಅವನು 'ಫುಡ್ ಗ್ರೇಡ್ ಸಾರ್' ಎಂದಿರುತ್ತಾನೆ. ಅವನಿಗೆ ಸರಕು ಕೊಟ್ಟವನೂ ಅಷ್ಟೇ ಹೇಳಿರುತ್ತಾನೆ. ಈ ಸರಪಳಿಯಲ್ಲಿ ವಿಷ ಹಾಕಬೇಕೆಂದು ಹೊರಟವರು ಯಾರೂ ಇಲ್ಲ. ಆ ಹಾಳೆ ಯಾವ ಹರಳಿನಿಂದ ತಯಾರಾಯಿತು, ನೂರು ಡಿಗ್ರಿ ಹಬೆಯಲ್ಲಿ ಹದಿನೈದು ನಿಮಿಷ ಕೂತರೆ ಅದರಿಂದ ಏನು ಬಿಡುತ್ತದೆ ಎಂದು ತಿಳಿದವರೂ ಯಾರೂ ಇಲ್ಲ.

ಈ ವಿಚಾರ ಸಂಕಿರಣದ ಆಶಯವನ್ನು ನಾನು ಹೀಗೆ ಇಡಲು ಬಯಸುತ್ತೇನೆ: ಆಹಾರ ಮುಟ್ಟುವ ಪ್ರತಿಯೊಂದು ಹಾಳೆ, ಕಪ್ಪು, ಡಬ್ಬಿ, ಬಾಟಲಿ, ತಟ್ಟೆಯನ್ನು ಆ ಆಹಾರದ ಒಂದು ಪದಾರ್ಥವೆಂದೇ ಎಣಿಸಬೇಕು. ಅಕ್ಕಿ ಎಲ್ಲಿಯದು, ಎಣ್ಣೆ ಯಾವುದು ಎಂದು ಕೇಳುವಂತೆಯೇ ಪೊಟ್ಟಣದ ಬಗ್ಗೆಯೂ ಕೇಳಬೇಕು. ಇದು ಹೊಸ ವಿಚಾರವಲ್ಲ. ಅಮೆರಿಕದಲ್ಲಿ 1958ರ ತಿದ್ದುಪಡಿಯ ನಂತರ, ಪೊಟ್ಟಣದಿಂದ ಆಹಾರಕ್ಕೆ ಇಳಿಯಬಹುದಾದ ವಸ್ತುಗಳನ್ನು ಕಾನೂನು ಪರೋಕ್ಷ ಸೇರ್ಪಡೆ ಎಂದೇ ನೋಡುತ್ತದೆ. ಅಡುಗೆಮನೆಯಲ್ಲಿ, ಬೀದಿಯಲ್ಲಿ ಮಾತ್ರ ಆ ನೋಟ ಇನ್ನೂ ಬಂದಿಲ್ಲ.

ಹಾಳೆಯಿಂದ ಆಹಾರಕ್ಕೆ ಇಳಿಯುವುದು ಏನು? ಪ್ಲಾಸ್ಟಿಕ್ಕಿನ ಮುಖ್ಯ ಭಾಗ ಉದ್ದುದ್ದ ಅಣುಗಳ ಎಳೆ. ಅದು ಸುಲಭವಾಗಿ ಕದಲುವುದಿಲ್ಲ. ಕದಲುವುದು ಅದರ ನಡುವೆ ಸಿಕ್ಕಿಕೊಂಡಿರುವ ಚಿಕ್ಕ ಅಣುಗಳು: ಮೆದುತನಕ್ಕೆ ಹಾಕಿದ ಥ್ಯಾಲೇಟುಗಳು, ಬಿಸಿಲಿಗೆ ಕೆಡದಂತೆ ಬೆರೆಸಿದ ರಕ್ಷಕಗಳು, ಬಣ್ಣ, ಎಳೆಗೆ ಸೇರದೆ ಉಳಿದ ಮೂಲ ರಾಸಾಯನಿಕ, ತಯಾರಿಕೆಯಲ್ಲಿ ಬಳಸಿದ ವೇಗವರ್ಧಕದ ಶೇಷ. ಕಟ್ಟಿದ ಹೂಮಾಲೆಯನ್ನು ಅಲುಗಿಸಿದರೆ ದಾರ ಹಾಗೇ ಇದ್ದು ಬಿಡಿ ಎಸಳುಗಳು ಉದುರುವ ಹಾಗೆ ಇವು ಹೊರಬೀಳುತ್ತವೆ. ಅವನ್ನು ಅಲುಗಿಸುವ ಶಕ್ತಿಗಳು ಬಿಸಿ, ಜಿಡ್ಡು, ಹುಳಿ ಮತ್ತು ಕಾಲ. ಬಿಸಿ ಏರಿದಷ್ಟೂ ಅಣುಗಳ ಓಡಾಟ ಹೆಚ್ಚು. ಥ್ಯಾಲೇಟಿನಂಥವು ನೀರಿಗಿಂತ ಎಣ್ಣೆಯನ್ನು ಇಷ್ಟಪಡುತ್ತವೆ. ಜೊತೆಗೆ ಪೊಟ್ಟಣ ಚಿಕ್ಕದಾದಷ್ಟೂ ಒಂದು ಗ್ರಾಂ ಆಹಾರಕ್ಕೆ ತಗಲುವ ಹಾಳೆಯ ವಿಸ್ತಾರ ಹೆಚ್ಚುತ್ತದೆ. ಉಪ್ಪಿನಕಾಯಿಯ ಪುಟ್ಟ ಸ್ಯಾಷೆಯಲ್ಲಿ ಎಣ್ಣೆ, ಹುಳಿ, ತಿಂಗಳುಗಟ್ಟಲೆ ಕಾಲ, ಇವೆಲ್ಲ ಒಟ್ಟಿಗೇ ಸೇರಿವೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಹೊರಡಿಸಿದ ಪ್ಯಾಕೇಜಿಂಗ್ ನಿಯಮಗಳು 2019ರ ಜುಲೈ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಒಟ್ಟಾರೆ ಇಳಿಯುವ ವಸ್ತು ಕಿಲೋಗೆ 60 ಮಿಲಿಗ್ರಾಂ ಮೀರಬಾರದು. ಪರೀಕ್ಷೆಯ ವಿಧಾನವನ್ನು ಐಎಸ್ 9845 ಎಂಬ ಭಾರತೀಯ ಮಾನಕ ಹೇಳುತ್ತದೆ. ಆಹಾರದ ಬದಲಿಗೆ ಶುದ್ಧ ನೀರು, 3% ಅಸಿಟಿಕ್ ಆಮ್ಲ, ಆಲ್ಕೋಹಾಲ್ ಬೆರೆತ ನೀರು, ಹೆಪ್ಟೇನ್ ಎಂಬ ದ್ರವಗಳಲ್ಲಿ ತಕ್ಕದ್ದನ್ನು ಆರಿಸಿ, ಗೊತ್ತಾದ ಉಷ್ಣತೆಯಲ್ಲಿ ಗೊತ್ತಾದ ಹೊತ್ತು ಹಾಳೆಯನ್ನು ಇಟ್ಟು, ಇಳಿದದ್ದನ್ನು ತೂಗುತ್ತಾರೆ. ಇದು ಅಗತ್ಯವಾದ ಪರೀಕ್ಷೆ. ಆದರೆ ಇದರ ಮಿತಿಯನ್ನು ಇಲ್ಲಿರುವ ವಿಜ್ಞಾನಿಗಳು ಧೈರ್ಯವಾಗಿ ಹೇಳಬೇಕು. ಒಟ್ಟು ತೂಕ ಎಷ್ಟು ಇಳಿಯಿತೆಂದು ಹೇಳುತ್ತದೆಯೇ ಹೊರತು ಏನು ಇಳಿಯಿತೆಂದು ಹೇಳುವುದಿಲ್ಲ. ಇನ್ನೊಂದು ವಿಷಯ: ನಮ್ಮ ಸಾರು, ಸಾಂಬಾರು, ಗೊಜ್ಜುಗಳಲ್ಲಿ ಹುಣಸೆಯ ಹುಳಿ, ಒಗ್ಗರಣೆಯ ಎಣ್ಣೆ, ಒಲೆಯಿಂದ ಇಳಿದ ಬಿಸಿ ಮೂರೂ ಏಕಕಾಲಕ್ಕೆ ಇರುತ್ತವೆ. ಒಂದೊಂದು ಗುಣಕ್ಕೆ ಒಂದೊಂದು ದ್ರವ ಇಟ್ಟು ಮಾಡುವ ಪರೀಕ್ಷೆ, ಕುದಿಯುವ ಸಾಂಬಾರನ್ನು ಕವರಿಗೆ ಸುರಿದು ಗಂಟು ಹಾಕಿ ಕೊಡುವ ನಮ್ಮ ಪಾರ್ಸೆಲ್ ಪದ್ಧತಿಯನ್ನು ಎಷ್ಟರಮಟ್ಟಿಗೆ ಹಿಡಿದಿಡುತ್ತದೆ? ಇದು ನಾವೇ ಕೇಳಬೇಕಾದ, ನಾವೇ ಉತ್ತರಿಸಬೇಕಾದ ಪ್ರಶ್ನೆ. ಬೇರೆ ದೇಶದ ಪ್ರಯೋಗಾಲಯಕ್ಕೆ ಇದು ಹೊಳೆಯುವುದೂ ಇಲ್ಲ.

ಪ್ರಮಾಣದ ಮಾತು ಬಂದಾಗ ಬಿಸ್ಫೀನಾಲ್-ಎ (ಬಿಪಿಎ) ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ರಷ್ಯದ ರಸಾಯನ ವಿಜ್ಞಾನಿ ದಿಯಾನಿನ್ 1891ರಲ್ಲಿ ಅದನ್ನು ತಯಾರಿಸಿದರು. 1936ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು, ಅದು ದೇಹದಲ್ಲಿ ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆ ಎಂದು ಪ್ರಾಣಿಗಳಲ್ಲಿ ತೋರಿಸಿದರು. ಔಷಧವಾಗಬಹುದೇ ಎಂಬ ಹುಡುಕಾಟ ಅವರದು. ಅದಾಗಿ ಎರಡು ದಶಕದೊಳಗೆ ಅದೇ ವಸ್ತುವಿನಿಂದ ಗಾಜಿನಂತೆ ಹೊಳೆಯುವ ಪಾಲಿಕಾರ್ಬೊನೇಟ್ ಬಂತು, ತಗಡಿನ ಡಬ್ಬಿಗಳ ಒಳಗೆ ಬಳಿಯುವ ಎಪಾಕ್ಸಿ ಲೇಪ ಬಂತು. ಮುಂದೆ ಕೂಸುಗಳ ಹಾಲಿನ ಬಾಟಲಿಯೂ ಅದರಲ್ಲೇ ಆಯಿತು. ಹಾರ್ಮೋನಿನಂತೆ ನಡೆಯುತ್ತದೆಂದು ಮೊದಲೇ ಬರೆದಿಟ್ಟಿದ್ದ ವಸ್ತುವಿನಲ್ಲಿ ಎಳೆ ಮಕ್ಕಳಿಗೆ ಬಿಸಿ ಹಾಲು ಕುಡಿಸಿದ್ದೇವೆ. ಈ ಮಾತು ಹೇಳುವಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಸಿನ್ಸಿನಾಟಿ ವಿಶ್ವವಿದ್ಯಾಲಯದವರು 2008ರಲ್ಲಿ ಹೊಸ ಮತ್ತು ಬಳಸಿ ಹಳತಾದ ಪಾಲಿಕಾರ್ಬೊನೇಟ್ ಬಾಟಲಿಗಳನ್ನು ಹೋಲಿಸಿ ನೋಡಿದರು. ಬಾಟಲಿಯ ವಯಸ್ಸಿನಿಂದ ದೊಡ್ಡ ವ್ಯತ್ಯಾಸವಾಗಲಿಲ್ಲ. ಕುದಿನೀರು ಹಾಕಿದಾಗ ಮಾತ್ರ ಬಿಸ್ಫೀನಾಲ್ 15ರಿಂದ 55 ಪಟ್ಟು ವೇಗವಾಗಿ ಹೊರಬಂತು. ಯುರೋಪಿನಲ್ಲಿ 2011ರಲ್ಲಿ ಅಂಥ ಹಾಲಿನ ಬಾಟಲಿಗಳಿಗೆ ನಿಷೇಧ ಬಿತ್ತು. 2015ರಲ್ಲಿ ನಮ್ಮ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನಕವೂ ಅವನ್ನು ಹೊರಗಿಟ್ಟಿತು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನಕ್ಕೆ ಸಹಿಸಬಹುದಾದ ಪ್ರಮಾಣವನ್ನು ದೇಹತೂಕದ ಕಿಲೋಗೆ 4 ಮೈಕ್ರೋಗ್ರಾಂನಿಂದ 0.2 ನ್ಯಾನೋಗ್ರಾಂಗೆ ಇಳಿಸಿತು. ಅಂದರೆ ಇಪ್ಪತ್ತು ಸಾವಿರ ಪಟ್ಟು ಕಡಿತ. ಜರ್ಮನಿಯ ಸಂಸ್ಥೆಯೊಂದು ಇಷ್ಟು ಬಿಗಿ ಬೇಡವೆಂದು 200 ನ್ಯಾನೋಗ್ರಾಂ ಸೂಚಿಸಿತು. ಆ ಭಿನ್ನಾಭಿಪ್ರಾಯ ಪ್ರಾಮಾಣಿಕವಾದದ್ದು, ನಮ್ಮ ವಿದ್ಯಾರ್ಥಿಗಳು ಎರಡೂ ಕಡೆಯ ವಾದಗಳನ್ನು ಓದಬೇಕು. ಆದರೆ ಜರ್ಮನಿಯವರ ಅಂಕಿಯೂ ಹಳೆಯ ಮಿತಿಯ ಇಪ್ಪತ್ತರಲ್ಲೊಂದು ಪಾಲು ಎಂಬುದನ್ನು ಮರೆಯಬಾರದು.

ಅಷ್ಟರಲ್ಲಿ ಮಾರುಕಟ್ಟೆ ಒಂದು ಉಪಾಯ ಹುಡುಕಿತ್ತು. 'ಬಿಪಿಎ ಮುಕ್ತ' ಎಂಬ ಚೀಟಿ ಅಂಟಿಸಿ, ಒಳಗೆ ಅದರ ಒಡಹುಟ್ಟಿನಂತಿರುವ ಬಿಸ್ಫೀನಾಲ್-ಎಸ್ ಬಳಸುವುದು. ಇದೂ ಹಾರ್ಮೋನಿನಂತೆ ವರ್ತಿಸಬಲ್ಲದೆಂದು ನಂತರ ತಿಳಿಯಿತು. ಒಂದನ್ನು ನಿಷೇಧಿಸಿದರೆ ಅದರ ನೆರೆಯವನು ಬಂದು ಕೂರುತ್ತಾನೆ. ಆದ್ದರಿಂದಲೇ 2025ರ ಜನವರಿಯಿಂದ ಜಾರಿಗೆ ಬಂದಿರುವ ಯುರೋಪಿನ ನಿಷೇಧ ಬಿಸ್ಫೀನಾಲ್-ಎಗೆ ನಿಲ್ಲದೆ ಅಪಾಯಕಾರಿ ಎಂದು ಗುರುತಿಸಿದ ಇತರ ಬಿಸ್ಫೀನಾಲ್‌ಗಳನ್ನೂ ಒಳಗೊಳ್ಳುತ್ತದೆ. ನಾವು ಶಿಫಾರಸು ಬರೆಯುವಾಗ ಒಂದೊಂದೇ ರಾಸಾಯನಿಕದ ಹೆಸರು ಹಿಡಿದು ಹೊರಟರೆ ಸದಾ ಹಿಂದೆಯೇ ಉಳಿಯುತ್ತೇವೆ. ಗುಂಪನ್ನೇ ಹಿಡಿಯಬೇಕು.

ಪ್ಲಾಸ್ಟಿಕ್ ಬಿಟ್ಟು ಕಾಗದಕ್ಕೆ ಹೋದರೆ ಪಾರಾದೆವೆಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಬಜ್ಜಿ, ಬೋಂಡದ ಎಣ್ಣೆ ಹೀರಲು ದಿನಪತ್ರಿಕೆ ಹಾಸುವುದನ್ನು ಎಲ್ಲರೂ ನೋಡಿದ್ದೇವೆ. ಮುದ್ರಣದ ಶಾಯಿಯಲ್ಲಿರುವ ಖನಿಜ ತೈಲ, ಬಣ್ಣಗಳು ಅದೇ ಎಣ್ಣೆಯ ದಾರಿಯಲ್ಲಿ ಬೋಂಡದೊಳಕ್ಕೆ ಹೋಗುತ್ತವೆ. 2018ರ ನಿಯಮ ಇದನ್ನು ಸ್ಪಷ್ಟವಾಗಿ ತಡೆಯುತ್ತದೆ. ಎಫ್‌ಎಸ್‌ಎಸ್‌ಎಐ 2023ರಲ್ಲಿ ಮತ್ತೊಮ್ಮೆ ಎಚ್ಚರಿಸಿತು. ಇನ್ನು ಕಾಗದದ ಕಪ್ಪು. ಅದರ ಒಳಮೈಗೆ ಚಹಾ ಸೋರದಂತೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಐಐಟಿ ಖರಗ್‌ಪುರದ ಸುಧಾ ಗೋಯೆಲ್ ಮತ್ತು ಸಂಗಡಿಗರು ಅಂಥ ಕಪ್ಪಿಗೆ 100 ಮಿಲಿಲೀಟರ್ ಬಿಸಿನೀರು ಹಾಕಿ 15 ನಿಮಿಷ ಬಿಟ್ಟಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಬಂದವು. 2020ರಲ್ಲಿ ಪ್ರಕಟವಾದ ಫಲಿತಾಂಶವಿದು. ಬರ್ಗರ್, ಪಿಜ್ಜಾ ಪೊಟ್ಟಣಗಳಿಗೆ ಜಿಡ್ಡು ಹಿಡಿಯದಂತೆ ಬಳಸುತ್ತಿದ್ದ ಪಿಎಫ್‌ಎಎಸ್ ರಾಸಾಯನಿಕಗಳು ಪರಿಸರದಲ್ಲೂ ದೇಹದಲ್ಲೂ ಸುಲಭವಾಗಿ ಕರಗಿಹೋಗದಂಥವು. ಡೆನ್ಮಾರ್ಕ್ 2020ರಲ್ಲಿ ಕಾಗದದ ಆಹಾರ ಪೊಟ್ಟಣಗಳಿಂದ ಅವನ್ನು ತೆಗೆಸಿತು. ಅಮೆರಿಕದಲ್ಲಿ ಈ ಬಳಕೆಗೆ ಅವುಗಳ ಮಾರಾಟ ನಿಂತಿದೆ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ 2024ರಲ್ಲಿ ಪ್ರಕಟಿಸಿತು.

ಹೊರಗಿನ ಮುದ್ರಣವೂ ಒಳಗೆ ಬರಬಲ್ಲದು. 2005ರಲ್ಲಿ ಇಟಲಿಯಲ್ಲಿ ಕೂಸುಗಳ ಹಾಲಿನಲ್ಲಿ ಐಟಿಎಕ್ಸ್ ಎಂಬ ಶಾಯಿಯ ರಾಸಾಯನಿಕ ಸಿಕ್ಕಿ ಲಕ್ಷಾಂತರ ಲೀಟರ್ ಹಾಲನ್ನು ಜಪ್ತಿ ಮಾಡಬೇಕಾಯಿತು. ಪೆಟ್ಟಿಗೆಯ ಕಾಗದವನ್ನು ಸುರುಳಿ ಸುತ್ತಿದಾಗ ಹೊರಮೈಯ ಶಾಯಿ ಒಳಮೈಗೆ ತಾಗುತ್ತದೆ, ಅಷ್ಟೇ ಸಾಕು. ಮುದ್ರಣ ಉದ್ಯಮದವರನ್ನು ಈ ಸಂಕಿರಣಕ್ಕೆ ಕರೆದಿರುವುದು ಈ ಕಾರಣಕ್ಕೇ ಎಂದುಕೊಂಡು ನಾನು ಸಂಘಟಕರನ್ನು ಅಭಿನಂದಿಸುತ್ತೇನೆ.

ಈಗ ಕೆಲವರಿಗೆ ಕಹಿಯಾಗಬಹುದಾದ ಮಾತಿಗೆ ಬರುತ್ತೇನೆ. ಅಡಿಕೆ ಹಾಳೆ ತಟ್ಟೆ ನಮ್ಮ ಕರಾವಳಿ, ಮಲೆನಾಡಿನ ಹೆಮ್ಮೆ. ಉದುರಿದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟಿಲ್ಲ, ಲೇಪವಿಲ್ಲ. ಅನೇಕ ಹಳ್ಳಿಗಳಲ್ಲಿ ಹೆಂಗಸರ ಕೈಗೆ ಕೂಲಿ ಕೊಟ್ಟ ಉದ್ಯಮವಿದು. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ಅಡಿಕೆ ಮರದಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ, ಇವು ಆಹಾರಕ್ಕೆ ಬಳಸಲು ಅನುಮೋದಿತವಲ್ಲ ಎಂದಿತು. ರಫ್ತು ಮಾಡುತ್ತಿದ್ದವರಿಗೆ ದೊಡ್ಡ ಹೊಡೆತ ಬಿತ್ತು. ಇದು ವ್ಯಾಪಾರದ ಸಂಚು ಎಂದವರುಂಟು. ತಲೆತಲಾಂತರದಿಂದ ಹಾಳೆಯಲ್ಲಿ ಉಂಡಿಲ್ಲವೇ ಎಂದವರೂ ಉಂಟು.

ನನ್ನ ನಿಲುವು ಬೇರೆ. ಪ್ಲಾಸ್ಟಿಕ್ ತಯಾರಕರನ್ನು ನಾವು ಯಾವ ಪ್ರಶ್ನೆ ಕೇಳುತ್ತೇವೋ ಅದನ್ನೇ ಹಾಳೆ ತಟ್ಟೆಗೂ ಕೇಳಬೇಕು: ಬಿಸಿ ಪಾಯಸ, ಹುಳಿ ಸಾರು ಬಡಿಸಿದಾಗ ಅದರಿಂದ ಎಷ್ಟು ಇಳಿಯುತ್ತದೆ? ಆ ಅಂಕಿ ನಮ್ಮ ಕೈಯಲ್ಲಿ ಸಿದ್ಧವಾಗಿ ಇದ್ದಿದ್ದರೆ ವಾದದ ದಾರಿಯೇ ಬೇರೆಯಾಗುತ್ತಿತ್ತು. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಅಲ್ಲಿ ಆಹಾರ ಪ್ಯಾಕೇಜಿಂಗಿಗೇ ಮೀಸಲಾದ ವಿಭಾಗವಿದೆ. ನಮ್ಮ ಮನೆಯಂಗಳದ ವಸ್ತುವಿನ ಪರೀಕ್ಷೆ ಪರದೇಶದ ಪ್ರಶ್ನೆಗೆ ಕಾಯಬಾರದಿತ್ತು. ಪರೀಕ್ಷೆಯಲ್ಲಿ ತಟ್ಟೆ ಗೆದ್ದರೆ ಉದ್ಯಮಕ್ಕೆ ಬಲ. ಏನಾದರೂ ಇಳಿಯುತ್ತದೆ ಎಂದಾದರೆ ತೊಳೆಯುವ, ಬೇಯಿಸುವ ಕ್ರಮವನ್ನು ಬದಲಿಸಿ ಅದನ್ನು ತಗ್ಗಿಸಲು ಸಾಧ್ಯವೇ ನೋಡಬಹುದು. ನೈಸರ್ಗಿಕ ಎಂಬ ಹೆಸರೇ ಪ್ರಮಾಣಪತ್ರವಲ್ಲ ಎಂಬುದನ್ನು ಯುರೋಪಿನ 'ಬಿದಿರು' ಕಪ್ಪುಗಳೂ ತೋರಿಸಿವೆ. ಅವು ಬಿದಿರಿನ ಪುಡಿ ಬೆರೆಸಿದ ಮೆಲಮೈನ್ ಪ್ಲಾಸ್ಟಿಕ್. ಬಿಸಿ ಪಾನೀಯ ಹಾಕಿದರೆ ಫಾರ್ಮಾಲ್ಡಿಹೈಡ್ ಬಿಡುತ್ತಿದ್ದ ಅವನ್ನು ಅಲ್ಲಿ ಮಾರುಕಟ್ಟೆಯಿಂದ ಹಿಂತೆಗೆಸಿದರು.

ಮರುಬಳಕೆಯ ಪ್ಲಾಸ್ಟಿಕ್ಕಿನ ಬಗ್ಗೆಯೂ ಎರಡು ಮಾತು. 2018ರ ನಿಯಮ ಅದನ್ನು ಆಹಾರದಿಂದ ದೂರವಿಟ್ಟಿತ್ತು. ಈಗ ಷರತ್ತುಗಳೊಡನೆ ಮರುಬಳಕೆಯ ಪೆಟ್ ಬಾಟಲಿಗೆ ದಾರಿ ತೆರೆದಿದೆ. ತ್ಯಾಜ್ಯ ನಿರ್ವಹಣೆಯ ನಿಯಮಗಳು ಗಟ್ಟಿ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ 2025-26ರಿಂದ 30% ಮರುಬಳಕೆಯ ಪ್ಲಾಸ್ಟಿಕ್ ಇರಲಿ ಎನ್ನುತ್ತವೆ. ಪರಿಸರಕ್ಕೆ ಇದು ಒಳ್ಳೆಯದೇ. ಆದರೆ ಆ ಬಾಟಲಿ ಹಿಂದಿನ ಜನ್ಮದಲ್ಲಿ ಏನನ್ನು ತುಂಬಿಕೊಂಡಿತ್ತು, ಯಾರ ಮನೆಯಲ್ಲಿ ಸೀಮೆಎಣ್ಣೆ ಅಥವಾ ಕೀಟನಾಶಕ ಇಡಲು ಬಳಕೆಯಾಗಿತ್ತು ಎಂಬುದನ್ನು ಕಸ ಆಯುವವರ ಕೈ ಮಾತ್ರ ಬಲ್ಲದು. ಪರಿಸರ ವಿಭಾಗ ಮತ್ತು ಆಹಾರ ವಿಭಾಗ ಒಂದೇ ಮೇಜಿನಲ್ಲಿ ಕೂತು ಮಾತಾಡದಿದ್ದರೆ ಒಂದು ಇಲಾಖೆಯ ಗೆಲುವು ಇನ್ನೊಂದರ ತಲೆನೋವಾಗುತ್ತದೆ.

ತಿನ್ನುವವರಿಗೆ ಏನು ಹೇಳೋಣ? ಬಿಸಿ ಪದಾರ್ಥಕ್ಕೆ ಸ್ಟೀಲ್ ಡಬ್ಬಿ ಒಯ್ಯಿರಿ, ಚಹಾವನ್ನು ಕವರಿನಲ್ಲಿ ಕಟ್ಟಿಸಬೇಡಿ, ಬಿಸಿಲಲ್ಲಿ ಕಾರಿನೊಳಗೆ ಬಿಟ್ಟ ಬಾಟಲಿಯ ನೀರು ಕುಡಿಯಬೇಡಿ ಎಂದು ಹೇಳಬಹುದು, ಹೇಳಲೇಬೇಕು. ಆದರೆ ಅಲ್ಲಿಗೇ ಕೈತೊಳೆದುಕೊಳ್ಳುವುದು ಅನ್ಯಾಯ. ಕಟ್ಟಡ ಕೆಲಸದ ಜಾಗದಲ್ಲಿ ನಿಂತು ಹತ್ತು ರೂಪಾಯಿಯ ಚಹಾ ಕುಡಿಯುವ ಬಸುರಿ ಹೆಂಗಸು ಕಪ್ಪಿನ ತಳ ತಿರುಗಿಸಿ ಪ್ಲಾಸ್ಟಿಕ್ಕಿನ ಬಗೆ ಹೇಳುವ ತ್ರಿಕೋನದೊಳಗಿನ ಅಂಕಿ ಓದಬೇಕೇ? ಪ್ರಶ್ನೆ ಕೇಳುವ ಹೊಣೆ ಕಪ್ಪು ಅವಳ ಕೈಗೆ ಬರುವ ಮೊದಲೇ ಮುಗಿದಿರಬೇಕು. ಅದಕ್ಕೆ ಹಾಳೆ ಮಾರುವವನ ಬಿಲ್ಲಿನಲ್ಲಿ ತಯಾರಕರ ಹೆಸರು, ಪರೀಕ್ಷೆಯ ಉಷ್ಣತೆ, ಯಾವ ಆಹಾರಕ್ಕೆ ಸಲ್ಲುತ್ತದೆ ಎಂಬ ವಿವರ ಇರಬೇಕು. ಬರಿಯ 'ಫುಡ್ ಗ್ರೇಡ್' ಎಂಬ ಎರಡು ಪದಗಳನ್ನು ಯಾವ ಇಲಾಖೆಯೂ ಒಪ್ಪಬಾರದು. ಸಣ್ಣ ತಯಾರಕರಿಗೆ ಪರೀಕ್ಷೆಯ ಖರ್ಚು ಹೊರಲಾಗದು ಎಂಬುದು ನಿಜ. ಸರ್ಕಾರ, ವಿಶ್ವವಿದ್ಯಾಲಯಗಳು ಆ ಭಾರದಲ್ಲಿ ಪಾಲು ಹೊರಬೇಕು. ಇಡ್ಲಿ ಬಟ್ಟೆಯ ಕಷ್ಟವನ್ನೂ ಹಾಗೇ ನೋಡಬೇಕು: ಬೈದರೆ ಬಟ್ಟೆ ಮರಳುವುದಿಲ್ಲ. ಬೇಗ ಒಗೆದು ಒಣಗಿಸುವ ಅನುಕೂಲವೋ, ಅಂಟದ ಸ್ಟೀಲ್ ಅಚ್ಚೋ ಹೋಟೆಲಿನ ಅಡುಗೆಮನೆಗೆ ಸಿಗಬೇಕು. ಇಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಯೋಜನೆ ಬೇಕೆ?

ಇನ್ನು ಸ್ವಲ್ಪ ಹೊತ್ತಿನಲ್ಲಿ ಗೋಷ್ಠಿಗಳು ಆರಂಭವಾಗುತ್ತವೆ. ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ವಿನಂತಿ. 'ಸುರಕ್ಷಿತ' ಅಥವಾ 'ಅಪಾಯಕಾರಿ' ಎಂಬ ತೀರ್ಮಾನ ಹೇಳುವ ಮುನ್ನ ಯಾವ ಆಹಾರದೊಡನೆ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಇಟ್ಟು ನೋಡಿದಿರಿ ಎಂಬುದನ್ನು ಮೊದಲು ಹೇಳಿ. ಸಭೆಯಲ್ಲಿರುವ ಹೋಟೆಲಿನವರು ನಿಮ್ಮ ಉಷ್ಣತೆ ತಮ್ಮ ಒಲೆಯ ಉಷ್ಣತೆಗೆ ಹೊಂದುತ್ತದೆಯೇ ಎಂದು ಎದ್ದು ನಿಂತು ಕೇಳಲಿ. ನಾಳೆ ಸಂಜೆ ಬರೆಯುವ ಶಿಫಾರಸಿನಲ್ಲಿ ಅವರ ಪ್ರಶ್ನೆಗಳಿಗೂ ಜಾಗವಿರಲಿ.