ಕಾಡಿನ ಲೆಕ್ಕ ತಡವಾಗಿ ಬರುತ್ತದೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಓದಿ, ಮುಂದೆ ಬಿಇ ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಮಿತಿಯವರು ಕಂಪ್ಯೂಟರ್ ಬಗ್ಗೆ ಮಾತಾಡು ಎಂದರು. ಬೆಟ್ಟದ ಬಗ್ಗೆ ಮಾತಾಡುತ್ತೇನೆ ಎಂದೆ. ಹದಿನೈದು ನಿಮಿಷ ಮೀರಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು.

ಸಂಕದ ಕೆಳಗಿನ ಹಳ್ಳ ಮೊದಲೆಲ್ಲ ಯುಗಾದಿ ಕಳೆದರೂ ಹರಿಯುತ್ತಿತ್ತು, ಈಗ ಶಿವರಾತ್ರಿಗೇ ನಿಲ್ಲುತ್ತದೆ ಎಂದು ನೀವೇ ಹೇಳುತ್ತೀರಿ. ಏಕೆ ಎಂದು ಕೇಳಿದರೆ ಊರಿನಲ್ಲಿ ಮೂರು ಪಕ್ಷ. ಮೇಲಿನ ಕೇರಿಯವರು ಮಳೆಯೇ ಕಡಿಮೆ ಎನ್ನುತ್ತಾರೆ. ಕೆಳಗಿನವರು ಮೇಲಿನವರ ಬೋರ್‌ವೆಲ್ ತೋರಿಸುತ್ತಾರೆ. ಮೂರನೆಯವರಿಗೆ ಎಲ್ಲದಕ್ಕೂ ಅಕೇಶಿಯಾವೇ ಕಾರಣ. ಇದೇ ವಿಷಯಕ್ಕೆ ಎರಡು ಮನೆಯವರು ಮಾತು ಬಿಟ್ಟಿರುವುದೂ ನಿಮಗೆ ಗೊತ್ತು. ಮೂವರಲ್ಲಿ ಯಾರ ಹತ್ತಿರವೂ ಒಂದೇ ಒಂದು ಅಂಕಿ ಇಲ್ಲ.

ಮಕ್ಕಳಿಗಾಗಿ ಸ್ವಲ್ಪ ಹಿಂದೆ ಹೋಗುತ್ತೇನೆ. ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಈ ಒಂಬತ್ತು ಎಂಬ ಸಂಖ್ಯೆಯನ್ನು ಗಮನಿಸಿ. ಒಂದು ಎಕರೆ ತೋಟದ ಹೊಟ್ಟೆ ತುಂಬಲು ಅಷ್ಟು ಕಾಡು ಬೇಕು ಎಂದು ಹಿಂದಿನವರು ಅಂದಾಜು ಮಾಡಿದ್ದರು. ಮತ್ತಿ, ಹೊನ್ನೆ, ನಂದಿಯ ಸೊಪ್ಪು, ಕೆಳಗೆ ಬಿದ್ದ ದರಕು, ಎರಡೂ ಕೊಟ್ಟಿಗೆಗೆ ಬಂದು, ಸಗಣಿಯೊಡನೆ ಗೊಬ್ಬರಗುಂಡಿಗೆ ಹೋಗಿ, ತೋಟ ಸೇರುತ್ತಿದ್ದವು.

ಆದರೆ ದರಕು ತೋಟಕ್ಕೆ ಮಾತ್ರ ಬೇಕಾದದ್ದಲ್ಲ, ಬೆಟ್ಟಕ್ಕೂ ಬೇಕು. ಆಷಾಢದ ಮಳೆಹನಿ ಮರದ ತುದಿಯಿಂದ ಬೀಳುವಾಗ ಅದರ ಪೆಟ್ಟು ತಿನ್ನುವುದು ದರಕು. ಅದರಡಿಯಲ್ಲಿ ಶಿಲೀಂಧ್ರ, ಗೆದ್ದಲು, ಎರೆಹುಳು ಕೆಲಸ ಮಾಡಿ ಮಣ್ಣನ್ನು ಅವಲಕ್ಕಿಯಂತೆ ಸಡಿಲ ಇಡುತ್ತವೆ. ಆ ಸಂದುಗಳಲ್ಲಿ ಇಳಿದ ನೀರು ನಿಧಾನವಾಗಿ ಬಸಿದು ಬೇಸಿಗೆಯಲ್ಲಿ ಹಳ್ಳಕ್ಕೆ ಬರುತ್ತದೆ. ದರಕನ್ನು ವರ್ಷವೂ ಪೂರ್ತಿ ಗುಡಿಸಿದರೆ, ಅಥವಾ ಬೆಂಕಿ ಬಿದ್ದರೆ, ಮೇಲ್ಮಣ್ಣು ಗಟ್ಟಿಯಾಗಿ ನೀರು ಮೇಲಿಂದಲೇ ಓಡುತ್ತದೆ. ಕೊನೆಗೆ ಜಂಬಿಟ್ಟಿಗೆ ಕಲ್ಲು ಕಾಣುತ್ತದೆ. ಅಕೇಶಿಯಾದ ಬಗ್ಗೆ ಒಂದು ಮಾತು: ಆಸ್ಟ್ರೇಲಿಯಾ ಕಡೆಯಿಂದ ಬಂದ ಈ ಮರ ಬೋಳು ಕಲ್ಲಿನ ಮೇಲೂ ಬೆಳೆಯುತ್ತದೆ, ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುತ್ತದೆ. ಅದೂ ನಿಜ. ಅದರ ದಪ್ಪ ಎಲೆ ಬೇಗ ಕೊಳೆಯುವುದಿಲ್ಲ, ಗೊಬ್ಬರಗುಂಡಿಗೆ ಹಾಕಿದವರಿಗೆ ನಾನು ಹೇಳಬೇಕಿಲ್ಲ. ಬೋಳು ಗುಡ್ಡದಲ್ಲಿ ನೆಡುವುದು ಒಂದು ಮಾತು, ಮತ್ತಿ ಇದ್ದ ಬೆಟ್ಟ ಸವರಿ ನೆಡುವುದು ಇನ್ನೊಂದು. ಇಲ್ಲಿ ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ. ಪ್ರೋಗ್ರಾಮ್ ಒಂದು ರಾತ್ರಿ ಎರಡು ಗಂಟೆಗೆ ನಿಂತರೆ, ತಪ್ಪು ಎರಡು ಗಂಟೆಯದೇ ಆಗಿರಬೇಕಿಲ್ಲ. ಮೂರು ದಿನದ ಹಿಂದೆ ನಡೆದದ್ದು ಆಗ ಹೊರಗೆ ಬಂದಿರುತ್ತದೆ. ಅದಕ್ಕೇ ನಾವು ಎಲ್ಲವನ್ನೂ ಲಾಗ್ ಎಂದು ಬರೆದಿಡುತ್ತೇವೆ. ಲಾಗ್ ಇಲ್ಲದಿದ್ದರೆ ಕೊನೆಗೆ ಕೈಯಿಟ್ಟವನ ಮೇಲೆ ಗೂಬೆ ಕೂರಿಸುವುದೊಂದೇ ದಾರಿ.

ಕಾಡೂ ಹೀಗೆಯೇ ಎಂದು ತಿಳಿದದ್ದು ಮುದುಮಲೈನ ಕೆಲಸ ಓದಿದಾಗ. ಅದು ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ತಮಿಳುನಾಡಿನ ಕಾಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಜೊತೆಗಾರರು 1988ರಲ್ಲಿ ಅಲ್ಲಿ 50 ಹೆಕ್ಟೇರ್ ಗುರುತು ಮಾಡಿ, 1 ಸೆಂಟಿಮೀಟರ್ ದಪ್ಪ ಮೀರಿದ ಪ್ರತಿಯೊಂದು ಗಿಡಕ್ಕೂ ನಂಬರ್ ಕಟ್ಟಿದರು. ಸುಮಾರು 25 ಸಾವಿರ ಗಿಡಮರ! ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ಎಂದು ವರ್ಷವೂ ನೋಡುತ್ತಾರೆ; ನಾಲ್ಕು ವರ್ಷಕ್ಕೊಮ್ಮೆ ದಪ್ಪ ಅಳೆಯುತ್ತಾರೆ. ಆನೆ ಮುರಿದದ್ದು, ಬೆಂಕಿಗೆ ಹೋದದ್ದು ಎಲ್ಲ ದಾಖಲೆಯಲ್ಲಿದೆ. 19 ವರ್ಷದ ಲೆಕ್ಕ ಕೂಡಿಸಿ ನೋಡಿದಾಗ ಕಂಡದ್ದು ಇದು: ಮಳೆ ಕೈಕೊಟ್ಟ ವರ್ಷವೇ ದೊಡ್ಡ ಮರಗಳು ಸಾಯುವುದಿಲ್ಲ. ಎರಡು ಮೂರು ವರ್ಷ ತಡೆದು ಸಾಯುತ್ತವೆ. ಅಷ್ಟರಲ್ಲಿ ಒಳ್ಳೆಯ ಮಳೆಯೂ ಬಂದಿರಬಹುದು. ಒಳ್ಳೆಯ ಮಳೆಯ ವರ್ಷ ಮರ ಒಣಗಿದರೆ ನಾವು ಏನೆನ್ನುತ್ತೇವೆ? ಪಕ್ಕದ ಮನೆಯವನು ಏನೋ ಹಾಕಿದ ಎನ್ನುತ್ತೇವೆ.

ಮಣ್ಣು ಇನ್ನೂ ನಿಧಾನ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ ಒಂದು ಗೋಧಿ ಗದ್ದೆಯಿದೆ. 1843ರಿಂದ ಅದರಲ್ಲಿ ಪ್ರಯೋಗ ನಡೆಯುತ್ತಿದೆ. ಒಂದು ಪಟ್ಟೆಗೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ರಸಗೊಬ್ಬರ, ಮತ್ತೊಂದಕ್ಕೆ ಏನೂ ಇಲ್ಲ. ಕೊಟ್ಟಿಗೆ ಗೊಬ್ಬರ ಬಿದ್ದ ಪಟ್ಟೆಯಲ್ಲಿ ಸಾವಯವ ಇಂಗಾಲ ಏನೂ ಹಾಕದ ಪಟ್ಟೆಗಿಂತ ಎರಡು ಪಟ್ಟಿಗೂ ಹೆಚ್ಚಾಗಿದೆ, ಆದರೆ ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ನನಗೆ ಬಹಳ ಹಿಡಿಸಿದ್ದು ಬೇರೆ. ಅವರು ಅಂದಿನಿಂದಲೂ ಮಣ್ಣನ್ನು ಒಣಗಿಸಿ ಬಾಟಲಿಗಳಲ್ಲಿ ಇಡುತ್ತ ಬಂದಿದ್ದಾರೆ. ಅಣುಬಾಂಬು ಪರೀಕ್ಷೆಯ ವಿಕಿರಣದ ಗುರುತನ್ನು ಕೂಡ ಆಮೇಲಿನವರು ಆ ಬಾಟಲಿಗಳಲ್ಲಿ ಹುಡುಕಿದರು. ಮೊದಲು ಬಾಟಲಿ ತುಂಬಿದವರಿಗೆ ಅಣುಬಾಂಬೆಂದರೆ ಏನೆಂದೇ ಗೊತ್ತಿರಲಿಲ್ಲ.

ನಮ್ಮಲ್ಲಿ 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಬಂತು. ರಸಸಾರ, ಸಾವಯವ ಇಂಗಾಲ, ಸತು, ಬೋರಾನ್ ಸೇರಿ 12 ಅಂಶ ಅದರಲ್ಲಿರುತ್ತವೆ. ಬಹಳ ಮನೆಗಳಲ್ಲಿ ಅದು ಪಂಚಾಂಗದ ಹಿಂದೆ ಸಿಕ್ಕಿಸಿದೆ. ಸಾವಯವ ಇಂಗಾಲ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಎಂದು ಕಾರ್ಡು ಹೇಳುತ್ತದೆ. ನಮ್ಮ ತಂದೆಯವರು ಹೆಚ್ಚು ಎಂಬ ಶಬ್ದ ನೋಡಿ ನೆಮ್ಮದಿಯಾದರು. ಆದರೆ ಹತ್ತು ವರ್ಷದ ಹಿಂದೆ ಎಷ್ಟಿತ್ತು, ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದು ಒಂದು ಕಾರ್ಡಿನಿಂದ ತಿಳಿಯುವುದಿಲ್ಲ. ಅದೂ ತೋಟದ ಮಣ್ಣಿನ ಕಾರ್ಡು. ಬೆಟ್ಟಕ್ಕೆ ಕಾರ್ಡೇ ಇಲ್ಲ.

ಊರಿನಲ್ಲಿ ದಿನವೂ ಬರೆಯುವ ಜಾಗ ಇದೊಂದೇ. ಹಾಜರಿ ಪುಸ್ತಕ ಐವತ್ತು ವರ್ಷದಿಂದ ಒಂದು ದಿನ ತಪ್ಪಿಲ್ಲ. ಕಚೇರಿಯ ಬೀರುವಿನಲ್ಲಿ ನನ್ನ ಗೈರುಹಾಜರಿಯೂ ಇದೆ! ಹಾಗಾಗಿ ಶಾಲೆಯನ್ನೇ ಕೇಳುತ್ತಿದ್ದೇನೆ. ಅಂಗಳದಲ್ಲಿ ಒಂದು ಮಳೆಮಾಪಕ ಇಡೋಣ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ 4,000 ಲೀಟರಿಗೂ ಮೀರಿ ನೀರು, ಎಂಟನೆಯ ತರಗತಿಯ ಗಣಿತಕ್ಕೆ ಅದಕ್ಕಿಂತ ಒಳ್ಳೆಯ ಲೆಕ್ಕ ಬೇಡ. ಹಳ್ಳದಲ್ಲಿ ನೀರು ನಿಂತ ತಾರೀಖನ್ನೂ ಬರೆಯಲಿ. ವರ್ಷಕ್ಕೊಮ್ಮೆ ಒಂದು ಮೀಟರ್ ಚೌಕಟ್ಟು ಬೆಟ್ಟದಲ್ಲಿಟ್ಟು ಅದರೊಳಗಿನ ದರಕು ಒಣಗಿಸಿ ತೂಗಲಿ. ಅದೇ ಜಾಗದಿಂದ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆದು, ನೆರಳಿನಲ್ಲಿ ಒಣಗಿಸಿ, ಬಾಟಲಿಗೆ ತುಂಬಿ, ತಾರೀಖು ಹಚ್ಚಲಿ. ಇದಕ್ಕೆ ಆ್ಯಪ್ ಮಾಡಿಕೊಡುತ್ತೀಯಾ ಎಂದು ಗೆಳೆಯರು ಕೇಳಿದರು. ಬೇಡ. ನಾನು ಓದುವಾಗ ಬಳಸಿದ ಫ್ಲಾಪಿ ಈಗ ಯಾವ ಯಂತ್ರಕ್ಕೂ ಹೋಗುವುದಿಲ್ಲ, ಹಾಜರಿ ಪುಸ್ತಕ ಮಾತ್ರ ಇವತ್ತೂ ಓದಲು ಬರುತ್ತದೆ.

ನಮ್ಮ ಬ್ಯಾಚಿನವರು ಸೇರಿ ಮಳೆಮಾಪಕ, ತಕ್ಕಡಿ, ಇಪ್ಪತ್ತೈದು ಗಾಜಿನ ಬಾಟಲಿ, ನಾಲ್ಕು ದಪ್ಪ ರಿಜಿಸ್ಟರ್ ತಂದು ವಿಜ್ಞಾನ ಶಿಕ್ಷಕರ ಕೋಣೆಯಲ್ಲಿ ಇಟ್ಟಿದ್ದೇವೆ. ಜಾಗ ಆರಿಸಬೇಕು. ಸೊಪ್ಪು ಕಡಿಯುವ ಒಂದು ಬೆಟ್ಟ, ಅಕೇಶಿಯಾ ಇರುವ ಒಂದು, ಯಾರೂ ಕೈಹಾಕದ ದೇವರ ಕಾಡಿನ ಅಂಚು ಒಂದು, ಹೀಗೆ ಮೂರು ಬೇಕು. ದೇವರ ಕಾಡಿಗೆ ಊರಿನವರ ಒಪ್ಪಿಗೆ ಬೇಕು. ಮೊದಲ ಎರಡಕ್ಕೆ ಬೆಟ್ಟದ ಮನೆಯವರು ತಾವಾಗಿ ಮುಂದೆ ಬರಬೇಕು. ಮಧ್ಯಾಹ್ನದ ಊಟವಾದ ಮೇಲೆ ನಾನು ಆ ಕೋಣೆಯಲ್ಲೇ ಇರುತ್ತೇನೆ. ಮೇಲಿನ ಕೇರಿಯವರೂ ಕೆಳಗಿನವರೂ ಒಟ್ಟಿಗೇ ಬನ್ನಿ.