ಮರೆವು ಕಂಡರೆ ಬೈಯಬೇಡಿ, ಪರೀಕ್ಷೆ ಮಾಡಿಸಿ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ನೀಡಿದ ಮಾಹಿತಿ)



ನಮ್ಮ ಮಾವನವರಿಗೆ ಹೃದಯದ ಕಾಯಿಲೆ. "ಮಾತ್ರೆ ತಗೊಂಡ್ರಾ?" ಅಂತ ಕೇಳಿದರೆ "ಹೂಂ" ಅನ್ನುತ್ತಿದ್ದರು. ಒಂದು ದಿನ ದಿಂಬು ಎತ್ತಿ ನೋಡಿದರೆ ಕೆಳಗೆ ಹನ್ನೊಂದು ಮಾತ್ರೆ! "ಬೇಕಂತಲೇ ಹಟ ಮಾಡ್ತೀರಿ" ಎಂದು ಬೈದುಬಿಟ್ಟೆ. ಅದೇ ವಾರ ಕಾಲು ಊದಿ, ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಉಸಿರಾಟ ಸರಿಹೋದ ಮೇಲೆ ಡಾಕ್ಟರು ನೆನಪಿನ ಪರೀಕ್ಷೆ ಮಾಡಿದರು. ಅದು ಹಟವಲ್ಲ, ಮರೆವು ಅಂತ ಆಗ ಗೊತ್ತಾಯ್ತು. ನಾನು ಬೈದದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಯಿತು ಎಂದರ್ಥವಲ್ಲ. ಬೇಕಾದಷ್ಟು ರಕ್ತ ಪಂಪ್ ಮಾಡಲು ಅದಕ್ಕೆ ಶಕ್ತಿ ಸಾಲುವುದಿಲ್ಲ. ಆಗ ಮೆದುಳಿಗೂ ರಕ್ತ ಕಡಿಮೆಯಾಗಬಹುದು. ಇಂಥ ರೋಗಿಗಳಲ್ಲಿ ಬಹಳ ಮಂದಿಗೆ ನೆನಪು, ಗಮನ ಕುಂದುತ್ತದೆ. ಮಾತುಕತೆ ಚೆನ್ನಾಗಿಯೇ ಇರುವುದರಿಂದ ಮನೆಯವರಿಗೆ ತಿಳಿಯುವುದಿಲ್ಲ.

ಪರೀಕ್ಷೆಗೆ ಹೆದರಬೇಕಾಗಿಲ್ಲ, ಸೂಜಿ ಚುಚ್ಚುವುದಿಲ್ಲ. ಮಿನಿ-ಕಾಗ್ ಎಂಬ ಪರೀಕ್ಷೆಗೆ 3 ನಿಮಿಷ ಸಾಕು. ಮೊದಲು ಮೂರು ಪದ ಹೇಳಿಸುತ್ತಾರೆ. ಆಮೇಲೆ ಗಡಿಯಾರ ಬಿಡಿಸಿ 11 ಗಂಟೆ 10 ನಿಮಿಷ ತೋರಿಸಲು ಹೇಳುತ್ತಾರೆ. ಕೊನೆಗೆ ಆ ಮೂರು ಪದಗಳನ್ನು ಮತ್ತೆ ಕೇಳುತ್ತಾರೆ. ಒಟ್ಟು 5 ಅಂಕ. 3ಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಬೇಕು. ಇಷ್ಟರಿಂದಲೇ ಕಾಯಿಲೆ ಎಂದು ತೀರ್ಮಾನಿಸುವುದಿಲ್ಲ. ಶಾಲೆಗೆ ಹೋಗದವರಿಗೆ ಗಡಿಯಾರ ಬಿಡಿಸಲು ಬಾರದಿರಬಹುದು. ಅದನ್ನು ಮೊದಲೇ ಹೇಳಿ, ಅಂಥವರಿಗೆ ಬೇರೆ ಪರೀಕ್ಷೆಗಳಿವೆ. ಕಿವಿ ಮಂದವಿದ್ದರೂ ತಿಳಿಸಿ.

ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ಸೋಡಿಯಂ ಇಳಿಯುವುದು, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ "ವಯಸ್ಸಾಯ್ತಲ್ಲ" ಎಂದು ಸುಮ್ಮನಿರಬಾರದು.

ಮನೆಯಲ್ಲಿ ನಾವು ಮಾಡಬೇಕಾದದ್ದು:

1. ಮಾತ್ರೆ ಕೈಗೆ ಕೊಟ್ಟು, ನುಂಗುವ ತನಕ ಎದುರಿಗೇ ಇರಿ. ತಪ್ಪಿಹೋದ ಮಾತ್ರೆಗಳನ್ನು ಒಟ್ಟಿಗೆ ಕೊಡಬೇಡಿ, ಡಾಕ್ಟರನ್ನು ಕೇಳಿ.

2. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. 3 ದಿನದಲ್ಲಿ 2 ಕಿಲೋಗಿಂತ ಜಾಸ್ತಿಯಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ.

3. ಆಸ್ಪತ್ರೆಗೆ ಒಬ್ಬರನ್ನೇ ಕಳಿಸಬೇಡಿ. ಜೊತೆಗೆ ಹೋಗಿ, "ಇವರ ನೆನಪನ್ನೂ ಒಮ್ಮೆ ಪರೀಕ್ಷಿಸಿ" ಎಂದು ಕೇಳಿ.

4. ಒಮ್ಮೆಲೇ ಗಲಿಬಿಲಿಯಾದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಸಹೋದರಿಯರೇ, ಸಂಘದ ಉಳಿತಾಯದ ಲೆಕ್ಕವನ್ನು ಒಂದು ರೂಪಾಯಿ ತಪ್ಪದಂತೆ ಬರೆಯುವವರು ನಾವು. ಮನೆಯ ಹಿರಿಯರ ಮಾತ್ರೆಯ ಲೆಕ್ಕವನ್ನೂ ಬರೆದಿಡೋಣ. ಅವರು ಮರೆತರೆ ನಾವು ನೆನಪಿಟ್ಟುಕೊಳ್ಳೋಣ.